ಮೊದಲು ಮನೆಯೋ, ಮೊದಲು ಶಾಲೆಯೋ: ಹುಬ್ಬಳ್ಳಿ-ಧಾರವಾಡದಲ್ಲಿ ಮೊದಲ ಸ್ವಂತ ಮನೆ ಕೊಳ್ಳುವವರಿಗೆ ನಾಲ್ಕು ದಾರಿಗಳು

ಗದಗಿನಿಂದಲೋ ಹಾವೇರಿಯಿಂದಲೋ ಹುಬ್ಬಳ್ಳಿಗೆ ಬಂದು ನೆಲೆಸಬೇಕೆನ್ನುವವರಿಗೆ, ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿದ್ದುಕೊಂಡು ಧಾರವಾಡದ ಕಡೆ ಸ್ವಂತದ್ದು ಹುಡುಕುತ್ತಿರುವವರಿಗೆ, ಮಾರ್ಚ್ ಬಂತೆಂದರೆ ಒಂದೇ ಗೊಂದಲ. ಮನೆ ಸಿಕ್ಕ ಕಡೆ ಮಗುವನ್ನು ಶಾಲೆಗೆ ಹಾಕುವುದೋ, ಶಾಲೆ ಸಿಕ್ಕ ಕಡೆ ಮನೆ ಹುಡುಕುವುದೋ? ಎರಡನ್ನೂ ಒಂದೇ ಬೇಸಿಗೆಯಲ್ಲಿ ಮುಗಿಸಲು ಹೋಗಿ ಹಳೆಯ ಶಾಲೆಯಿಂದ ಟಿ.ಸಿ. ತೆಗೆದುಕೊಂಡು, ಹೊಸ ಮನೆಯ ಖರೀದಿ ಪತ್ರವಾಗದೆ, ಜೂನ್‌ನಲ್ಲಿ ಮಗು ಮನೆಯಲ್ಲೇ ಕೂರುವ ಪರಿಸ್ಥಿತಿ ತಂದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಇದನ್ನು ತಪ್ಪಿಸಬಹುದು.

ಒಂದು ಮಾತನ್ನು ಮೊದಲೇ ಹೇಳಬೇಕು. ಶಾಲೆಯ ತಾರೀಖು ಯಾರಿಗಾಗಿಯೂ ಸರಿಯುವುದಿಲ್ಲ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಏಪ್ರಿಲ್ 10ರ ಸುಮಾರಿಗೆ ಫಲಿತಾಂಶ, ಮೇ ಕೊನೆಗೆ ಶಾಲೆ ಆರಂಭ. ಮನೆಯ ತಾರೀಖು ಮಾತ್ರ ಸರಿಯುತ್ತಲೇ ಇರುತ್ತದೆ. ಬೇರೆ ಊರಿನಲ್ಲಿರುವ, ಮಾರುವವರ ಅಕ್ಕನದೊಂದು ಸಹಿ, ಸಿಗದ ಎನ್‌ಎ (ಜಮೀನನ್ನು ಕೃಷಿಯೇತರಕ್ಕೆ ಬದಲಿಸಿದ) ಆದೇಶದ ನಕಲು, ತಾಳೆಯಾಗದ ಸಿಟಿ ಸರ್ವೆ ಉತಾರ, ಇವುಗಳಲ್ಲಿ ಯಾವುದೊಂದು ಬಾಕಿಯಿದ್ದರೂ ಎರಡು ತಿಂಗಳು ಹೋಗುತ್ತದೆ. ಹಾಗಾಗಿ ಕೆಳಗಿನ ಯಾವ ದಾರಿ ಹಿಡಿದರೂ ಶಾಲೆಯ ನಿರ್ಧಾರವನ್ನು ನೋಂದಣಿಯ ದಿನಕ್ಕೆ ಕಟ್ಟಿಹಾಕಬೇಡಿ.

ಯಾವುದನ್ನು ನೋಡಿ ತೂಗಬೇಕು

ಎಲ್ಲಕ್ಕಿಂತ ಮೊದಲು ಮಗುವಿನ ತರಗತಿ. ಎಲ್‌ಕೆಜಿಯಿಂದ 4ನೇ ತರಗತಿಯವರೆಗೆ ಶಾಲೆ ಬದಲಿಸುವುದು ಸುಲಭ, ದಸರಾ ರಜೆಯ ನಂತರ ಬದಲಿಸಿದರೂ ಮಗು ಹೊಂದಿಕೊಳ್ಳುತ್ತದೆ. 5ರಿಂದ 7ರವರೆಗೆ ವರ್ಷದ ಆರಂಭದಲ್ಲೇ ಬದಲಿಸುವುದು ಒಳ್ಳೆಯದು. ನಮ್ಮ ರಾಜ್ಯದಲ್ಲಿ ಹೈಸ್ಕೂಲು ಶುರುವಾಗುವುದು 8ರಿಂದ, ಅನೇಕ ಪ್ರಾಥಮಿಕ ಶಾಲೆಗಳು 7ಕ್ಕೇ ಮುಗಿಯುತ್ತವೆ. ಆದ್ದರಿಂದ 8ನೇ ತರಗತಿ ಬದಲಾವಣೆಗೆ ಸಹಜವಾದ ಬಾಗಿಲು. ಅಲ್ಲಿ ಎಲ್ಲ ಮಕ್ಕಳೂ ಹೊಸಬರೇ. 9ಕ್ಕೆ ಬರುವಷ್ಟರಲ್ಲಿ ಭಾಷೆಗಳ ಆಯ್ಕೆ ಗಟ್ಟಿಯಾಗಿರುತ್ತದೆ. 10ನೇ ತರಗತಿಯಲ್ಲಿ ಬದಲಿಸುವ ಯೋಚನೆಯನ್ನೇ ಬಿಡಿ. ಸಿಬಿಎಸ್‌ಇಯಲ್ಲಿ 9ನೇ ತರಗತಿಯಲ್ಲೇ ಮಂಡಳಿಗೆ ಮಗುವಿನ ಹೆಸರು ನೋಂದಣಿಯಾಗುತ್ತದೆ. 10ರಲ್ಲಿ ಶಾಲೆ ಬದಲಿಸಲು ಮಂಡಳಿಯ ಅನುಮತಿ ಬೇಕು, ಶಾಲೆಯವರು ತಾವಾಗಿ ಸೇರಿಸಿಕೊಳ್ಳುವಂತಿಲ್ಲ.

ಎರಡನೆಯದು ಭಾಷೆ ಮತ್ತು ಪಠ್ಯಕ್ರಮ. ಈಗಿನ ಶಾಲೆಯಲ್ಲಿ ಮಗುವಿನ ಪ್ರಥಮ ಭಾಷೆ ಕನ್ನಡವೋ ಇಂಗ್ಲಿಷೋ, ಮೂರನೆಯದು ಹಿಂದಿಯೋ ಸಂಸ್ಕೃತವೋ ಎಂದು ಬರೆದಿಟ್ಟುಕೊಳ್ಳಿ. ಹೊಸ ಶಾಲೆಗೆ ಹೋದಾಗ "ಸೀಟು ಇದೆಯೇ" ಎಂದು ಕೇಳುವುದರ ಜೊತೆಗೆ "ಇದೇ ಮೂರು ಭಾಷೆಗಳ ಜೋಡಣೆ ಇದೆಯೇ" ಎಂದೂ ಕೇಳಿ. ಸೀಟು ಸಿಕ್ಕ ಮೇಲೆ ಭಾಷೆ ಹೊಂದುವುದಿಲ್ಲ ಎಂದು ಗೊತ್ತಾದರೆ ಕಟ್ಟಿದ ಪ್ರವೇಶ ಶುಲ್ಕ ವಾಪಸ್ ಬರುವುದು ಕಷ್ಟ.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ, ಆಮೇಲೆ ಪಿಯುಸಿ ಮುಗಿದಾಗ ಮರುಗುತ್ತಾರೆ. ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು, ಒಂದನೆಯದಕ್ಕೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ, ಎರಡನೆಯದಕ್ಕೆ ಕನ್ನಡ ಮಾಧ್ಯಮದಲ್ಲಿ. ಹಳ್ಳಿಯ ಶಾಲೆಯಲ್ಲಿ 8ನೇ ತರಗತಿ ಮುಗಿಸಿದ ಮಗುವನ್ನು ಕೊನೆಯ ಎರಡು ವರ್ಷಕ್ಕೆ ಹುಬ್ಬಳ್ಳಿಯ ವಿದ್ಯಾನಗರದ ಶಾಲೆಗೆ ಹಾಕಿದರೆ ಎಂಟು ವರ್ಷದ ಗ್ರಾಮೀಣ ಓದು ಈ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಮಗುವಿಗೆ ಎಸ್ಸೆಸ್ಸೆಲ್ಸಿ ಅಲ್ಲಿಯೇ ಮುಗಿಸುವುದು ಮೇಲು. ಪ್ರವೇಶ ಪರೀಕ್ಷೆ ಬರೆದು 6ನೇ ತರಗತಿಗೆ ಸರ್ಕಾರದ ಆದರ್ಶ ವಿದ್ಯಾಲಯದಲ್ಲಿ ಸೀಟು ಪಡೆದ ಮಗುವಿನ ವಿಷಯದಲ್ಲೂ ಹಾಗೆಯೇ, ಆ ಸೀಟನ್ನು ಬಿಟ್ಟುಕೊಡುವ ಮುನ್ನ ನೂರು ಸಲ ಯೋಚಿಸಿ.

ನಾಲ್ಕನೆಯದು ಕೈಯಲ್ಲಿರುವ ನಗದು. ಒಂದು ಲೆಕ್ಕ ಮಾಡೋಣ. 45 ಲಕ್ಷದ ಮರುಮಾರಾಟದ ಮನೆ ಎಂದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಕೊಡುವುದು ಮನೆಯ ಬೆಲೆಯ ಶೇ 80ರವರೆಗೆ, ಅಂದರೆ 36 ಲಕ್ಷ. ಉಳಿದ 9 ಲಕ್ಷ ನಿಮ್ಮದು. ನೋಂದಣಿ ಖರ್ಚು ಇದರ ಹೊರಗಿದ್ದು, ಬ್ಯಾಂಕು ಅದನ್ನು ಬೆಲೆಯಲ್ಲಿ ಸೇರಿಸುವುದಿಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಒಟ್ಟು ಶೇ 7.6, ಅಂದರೆ 3,42,000 ರೂಪಾಯಿ. ಸರ್ಕಾರದ ಮಾರ್ಗಸೂಚಿ ದರ ನಿಮ್ಮ ಖರೀದಿ ಬೆಲೆಗಿಂತ ಹೆಚ್ಚಿದ್ದರೆ ಲೆಕ್ಕ ಆ ದರದ ಮೇಲೆಯೇ. ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಸಾಲದ ಸಂಸ್ಕರಣಾ ಶುಲ್ಕ ಎಂದು ಇನ್ನಷ್ಟು ಸೇರುತ್ತದೆ. ಹೀಗೆ ಹದಿಮೂರು ಲಕ್ಷದ ಹತ್ತಿರ ಕೈಬಿಟ್ಟು ಹೋಗುವ ತಿಂಗಳಲ್ಲೇ ಹೊಸ ಶಾಲೆಯ ಪ್ರವೇಶ ಶುಲ್ಕ, ಮೊದಲ ಕಂತು, ಸಮವಸ್ತ್ರ, ಪುಸ್ತಕ ಎಲ್ಲ ಬರುತ್ತವೆ. ಶಾಲೆಯ ಮೊದಲ ವರ್ಷದ ಪೂರ್ತಿ ಖರ್ಚನ್ನು ಬೇರೆ ಖಾತೆಯಲ್ಲಿಟ್ಟು, ಉಳಿದಿದ್ದರಲ್ಲಿ ಮನೆಯ ಬಜೆಟ್ ಹಾಕಿ. ಇದನ್ನು ಉಲ್ಟಾ ಮಾಡಿದವರು ಜೂನ್‌ನಲ್ಲಿ ಬಂಗಾರ ಅಡ ಇಡುತ್ತಾರೆ.

ಐದನೆಯದು ಮನೆಯಿಂದ ಶಾಲೆಗಿರುವ ದೂರ. ಅದನ್ನು ಮೂರನೇ ಆಯ್ಕೆಯ ಜೊತೆ ನೋಡೋಣ.

ಸಿದ್ಧ ಮನೆ ಕೊಂಡು, ಹತ್ತಿರದ ಶಾಲೆಗೆ ಸೇರಿಸುವುದು

ಎಲ್ಲರ ಮನಸ್ಸಿನಲ್ಲಿರುವುದು ಇದೇ. ಮಗು ಚಿಕ್ಕದಿದ್ದು ಕಾಗದಪತ್ರ ಶುದ್ಧವಾಗಿದ್ದರೆ ಇದರಷ್ಟು ನೆಮ್ಮದಿಯ ದಾರಿ ಬೇರೆ ಇಲ್ಲ. ಬಾಡಿಗೆ ನಿಲ್ಲುತ್ತದೆ, ಮಗು ಒಂದೇ ಸಲ ಬದಲಾಗುತ್ತದೆ.

ಆದರೆ ಸಂಚಕಾರ ಪತ್ರ (ಮುಂಗಡ ಕೊಟ್ಟು ಮಾಡುವ ಖರೀದಿ ಕರಾರು) ಬರೆದ ದಿನದಿಂದ ಖರೀದಿ ಪತ್ರದವರೆಗೆ 60ರಿಂದ 90 ದಿನ ಹಿಡಿಯಿರಿ. ಜೂನ್‌ಗೆ ಮನೆಯೊಳಗೆ ಇರಬೇಕೆಂದರೆ ಸಂಚಕಾರ ಫೆಬ್ರುವರಿಯಲ್ಲೇ ಆಗಬೇಕು. ಏಪ್ರಿಲ್‌ನಲ್ಲಿ ಮನೆ ಹುಡುಕಲು ಶುರುಮಾಡಿದವರಿಗೆ ಈ ವರ್ಷಕ್ಕೆ ಈ ದಾರಿ ಮುಚ್ಚಿದೆ ಎಂದೇ ತಿಳಿಯಬೇಕು.

ಸಂಚಕಾರಕ್ಕೆ ಮೊದಲು ಕೇಳಬೇಕಾದ ಕಾಗದಗಳು: ಪಾಲಿಕೆಯ ವ್ಯಾಪ್ತಿಯಲ್ಲಿದ್ದರೆ ಇ-ಖಾತಾ, ಸಿಟಿಎಸ್ (ಸಿಟಿ ಸರ್ವೆ) ನಂಬರಿನ ಪ್ರಾಪರ್ಟಿ ಕಾರ್ಡ್, ಎನ್‌ಎ ಆದೇಶ, ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ಲೇಔಟ್ ನಕಾಶೆ, ಕಟ್ಟಡ ಪರವಾನಗಿ, ಕಳೆದ 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಚಾಲ್ತಿ ವರ್ಷದ ಕರ ರಸೀದಿ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ. ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. "ಆಮೇಲೆ ಮಾಡಿಸಿಕೊಡ್ತೀವ್ರಿ" ಎನ್ನುವ ಮಾತನ್ನು ನಂಬಿ ಶಾಲೆಯ ಶುಲ್ಕ ಕಟ್ಟಬೇಡಿ. ಲೇಔಟ್ ಮಂಜೂರಾತಿ ಇಲ್ಲದೆ ಹೊಲವನ್ನು ತುಂಡು ಮಾಡಿ ಮಾರಿದ ಗುಂಟೆ ಪ್ಲಾಟಿನ ಮೇಲಿನ ಮನೆ ಎಷ್ಟೇ ಅಗ್ಗವಾದರೂ ಬ್ಯಾಂಕಿನ ಸಾಲ ಸಿಗುವುದಿಲ್ಲ.

ಹಿರಿಯರ ಆಸ್ತಿಯಾಗಿದ್ದರೆ ವಂಶವೃಕ್ಷ ನೋಡಿ, ಹೆಣ್ಣುಮಕ್ಕಳನ್ನೂ ಎಣಿಸಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೂ ಸಮಪಾಲು. ಒಬ್ಬ ಅಕ್ಕ ಪುಣೆಯಲ್ಲಿದ್ದು ಸಹಿಗೆ ಬರುವುದು ದೀಪಾವಳಿಗೆ ಎಂದಾದರೆ ನಿಮ್ಮ ನೋಂದಣಿಯೂ ದೀಪಾವಳಿಗೇ.

ಹುಬ್ಬಳ್ಳಿಯ ಪೂರ್ವಕ್ಕೆ, ಕುಸುಗಲ್ ರಸ್ತೆ, ಗದಗ ರಸ್ತೆಯ ಕಡೆ ಹೆಚ್ಚಾಗಿ ಎರೆಮಣ್ಣು. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಅಡಿಪಾಯ ಆಳವಿಲ್ಲದ, ಪ್ಲಿಂತ್ ಬೀಮ್ ಹಾಕದ ಮನೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಈ ಬಿರುಕು ಪೂರ್ತಿ ತೆರೆದುಕೊಳ್ಳುವುದು ಏಪ್ರಿಲ್-ಮೇ ತಿಂಗಳಲ್ಲಿ, ಆದ್ದರಿಂದ ಮನೆ ನೋಡಲು ಬೇಸಿಗೆಯೇ ಒಳ್ಳೆಯ ಕಾಲ. ಒಳಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಕಂಪೌಂಡ್ ಗೋಡೆ, ನೀರಿನ ಸಂಪಿನ ಪಕ್ಕ, ಮೆಟ್ಟಿಲ ಕೆಳಗೆ ನೋಡಿ, ಅಲ್ಲಿ ಯಾರೂ ಮುಚ್ಚಿರುವುದಿಲ್ಲ. ಧಾರವಾಡದ ಸಾಧನಕೇರಿ, ಕೆಲಗೇರಿ ಕಡೆ ಕೆಂಪು ಮಣ್ಣು, ಈ ಚಿಂತೆ ಕಡಿಮೆ, ಆದರೆ ಅಲ್ಲಿ ಮಳೆ ಜಾಸ್ತಿ. ತಾರಸಿ ಸೋರಿದ ಕಲೆಗಳನ್ನು ಹುಡುಕಿ.

ನೀರಿನ ಬಗ್ಗೆ ಮಾರುವವರನ್ನು ಕೇಳಬೇಡಿ, ಪಕ್ಕದ ಮನೆಯ ಅಕ್ಕನವರನ್ನು ಕೇಳಿ. ಮಲಪ್ರಭಾ ನೀರು ಅವಳಿ ನಗರಕ್ಕೆ ಬರುತ್ತಿದ್ದರೂ ಎಲ್ಲ ವಾರ್ಡಿಗೂ ದಿನಾ ಬರುವುದಿಲ್ಲ. ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ ಎನ್ನುವುದು ಮುಖ್ಯ. ಶಾಲೆಗೆ ಹೊರಡುವ ಬೆಳಗಿನ ಹೊತ್ತಿಗೇ ನೀರು ಬಿಡುವ ಓಣಿಯಲ್ಲಿ, ಸಂಪು ಚಿಕ್ಕದಿದ್ದರೆ, ದಿನಚರಿಯೇ ಅದರ ಸುತ್ತ ತಿರುಗುತ್ತದೆ.

ಶಾಲೆ ಮೊದಲು, ಬಾಡಿಗೆ ಮನೆ, ನಿಧಾನಕ್ಕೆ ಖರೀದಿ

ಬೇರೆ ಊರಿನಿಂದ ಬರುವವರಿಗೆ, ಅದರಲ್ಲೂ ಮಗು 5ರಿಂದ 8ನೇ ತರಗತಿಯಲ್ಲಿದ್ದರೆ, ನಮ್ಮ ಒಲವು ಇದರ ಕಡೆಗೇ. ಶಾಲೆಯನ್ನು ಸಮಾಧಾನದಿಂದ ಆರಿಸಿ, ಅದರಿಂದ ಎರಡು ಮೂರು ಕಿಲೋಮೀಟರಿನೊಳಗೆ 11 ತಿಂಗಳ ಕರಾರಿನ ಬಾಡಿಗೆ ಮನೆ ಹಿಡಿದು, ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯನ್ನು ಅಲ್ಲಿ ಕಳೆದ ಮೇಲೆ ಖರೀದಿಗೆ ಇಳಿಯುವುದು. ಯಾವ ಓಣಿಯಲ್ಲಿ ನೀರು ನಿಲ್ಲುತ್ತದೆ, ಯಾವ ರಸ್ತೆ ಬೆಳಿಗ್ಗೆ 9ಕ್ಕೆ ಕಟ್ಟಿಕೊಳ್ಳುತ್ತದೆ ಎಂದು ದಲ್ಲಾಳಿ ಹೇಳುವುದಿಲ್ಲ, ಇದ್ದು ನೋಡಿದರೆ ಗೊತ್ತಾಗುತ್ತದೆ.

ಇದರ ಬೆಲೆಯೂ ಇದೆ. ತಿಂಗಳಿಗೆ 12,000 ಬಾಡಿಗೆ ಎಂದರೆ ವರ್ಷಕ್ಕೆ 1,44,000, ಜೊತೆಗೆ ಎರಡು ಸಲ ಸಾಮಾನು ಸಾಗಣೆ, ಡಿಪಾಸಿಟ್ ಸಿಕ್ಕಿಕೊಂಡಿರುವುದು. ಆ ವರ್ಷದಲ್ಲಿ ಮನೆಯ ಬೆಲೆ ಏರಬಹುದು. ಆದರೂ ಆತುರಕ್ಕೆ ಬಿದ್ದು ಕೆಟ್ಟ ಕಾಗದದ ಮನೆ ಕೊಂಡರೆ ಆಗುವ ನಷ್ಟದ ಮುಂದೆ ಇದು ಸಣ್ಣದು. ಕರಾರಿನಲ್ಲಿ ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಎಂಬ ಷರತ್ತು ಬರೆಸಿ, ಇಲ್ಲದಿದ್ದರೆ ಮನೆ ಬೇಗ ಸಿಕ್ಕಾಗ ಬಾಡಿಗೆ ಮತ್ತು ಕಂತು ಎರಡೂ ಬೀಳುತ್ತವೆ. ಶಾಲೆಗೆ ಖರೀದಿ ಪತ್ರ ಬೇಕೆಂಬ ಭಯ ಬೇಡ, ಬಾಡಿಗೆ ಕರಾರು ಅಥವಾ ಆಧಾರ್ ವಿಳಾಸ ಸಾಮಾನ್ಯವಾಗಿ ಸಾಕು.

ಮನೆ ಮಾತ್ರ ಬದಲು, ಶಾಲೆ ಹಳೆಯದೇ

ಅವಳಿ ನಗರದೊಳಗೇ ಮನೆ ಬದಲಿಸುವವರು ಇದನ್ನು ಮೊದಲು ಪರಿಗಣಿಸಬೇಕು. 9 ಅಥವಾ 10ನೇ ತರಗತಿಯ ಮಗುವಿದ್ದರೆ ಬೇರೆ ಯೋಚನೆಯೇ ಬೇಡ. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರಿನಷ್ಟು ದೂರ, ಚಿಗರಿ ಬಸ್ಸಿಗೆ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಪಥವೇ ಪ್ರತ್ಯೇಕ. ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರ ಈ ಸಾಲಿನಲ್ಲಿ ಮನೆ ಕೊಂಡರೆ ಎರಡೂ ಊರಿನ ಶಾಲೆಗಳು ಕೈಗೆಟಕುತ್ತವೆ. ಇದೇ ಈ ಸಾಲಿನ ದೊಡ್ಡ ಗುಣ.

ಆದರೆ ಪಥದಿಂದ ಮನೆಗಿರುವ ಕೊನೆಯ ಒಂದೂವರೆ ಕಿಲೋಮೀಟರನ್ನು ಅಳೆಯಿರಿ. ಗಾಮನಗಟ್ಟಿಯ ಕಡೆ ಒಳಗಿರುವ ಬಡಾವಣೆಯಲ್ಲಿ ಮನೆ ಅಗ್ಗವಾಗಬಹುದು, ಮಗುವನ್ನು ನಿಲ್ದಾಣಕ್ಕೆ ಬಿಡಲು ದಿನಕ್ಕೆರಡು ಸಲ ಯಾರು ಹೋಗುತ್ತಾರೆ? ಮನೆ ನೋಡುವ ಭಾನುವಾರದ ಮಧ್ಯಾಹ್ನದಲ್ಲಿ ಅಳೆದ ಸಮಯ ಲೆಕ್ಕಕ್ಕಿಲ್ಲ. ಸೋಮವಾರ ಬೆಳಿಗ್ಗೆ, ಶಾಲೆಯ ಹೊತ್ತಿಗೇ, ಬಾಗಿಲಿನಿಂದ ಬಾಗಿಲಿಗೆ ಒಮ್ಮೆ ಹೋಗಿ ಬನ್ನಿ. ಒಂದು ಕಡೆಗೆ 45 ನಿಮಿಷ ದಾಟಿದರೆ ಪ್ರಾಥಮಿಕ ಶಾಲೆಯ ಮಗುವಿಗೆ ಒಂದು ವರ್ಷಕ್ಕಿಂತ ಹೆಚ್ಚು ಈ ದಾರಿ ಬೇಡ. ಖರ್ಚಿನ ಲೆಕ್ಕದಲ್ಲಿ ಒಂದು ವಿಷಯ: ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇರುವುದು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ, ಚಿಗರಿಯಂಥ ಹವಾನಿಯಂತ್ರಿತ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ.

ಗದಗ 58 ಕಿಲೋಮೀಟರ್, ಹಾವೇರಿ ಇನ್ನೂ ದೂರ. ಅಲ್ಲಿಂದ ಬರುವವರಿಗೆ ಹಳೆಯ ಶಾಲೆ ಉಳಿಸಿಕೊಳ್ಳುವುದೆಂದರೆ ಮಗು ಅಜ್ಜಿಯ ಮನೆಯಲ್ಲೋ ಹಾಸ್ಟೆಲಿನಲ್ಲೋ ಉಳಿಯಬೇಕು. ಎಸ್ಸೆಸ್ಸೆಲ್ಸಿ ವರ್ಷವಾದರೆ ಅದೂ ತಪ್ಪಲ್ಲ.

ಕಟ್ಟುತ್ತಿರುವ ಫ್ಲ್ಯಾಟ್, ಅಥವಾ ಪ್ಲಾಟ್ ಕೊಂಡು ಕಟ್ಟಿಸುವುದು

ಶುಲ್ಕದಲ್ಲಿ ಫ್ಲ್ಯಾಟಿಗೆ ಅನುಕೂಲವಿದೆ. ಬಿಲ್ಡರ್‌ನಿಂದ ಮೊದಲ ಬಾರಿಗೆ ನೋಂದಣಿಯಾಗುವ, 20 ಲಕ್ಷ ಮೀರಿದ, 45 ಲಕ್ಷದವರೆಗಿನ ಹೊಸ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಶೇ 3. ಕಟ್ಟಡ ಮುಗಿಯುವ ಮುನ್ನ ಕೊಂಡರೆ ಜಿಎಸ್‌ಟಿ ಬೀಳುತ್ತದೆ: ಬೆಲೆ 45 ಲಕ್ಷದೊಳಗಿದ್ದು ಕಾರ್ಪೆಟ್ ವಿಸ್ತೀರ್ಣ 90 ಚದರ ಮೀಟರಿನೊಳಗಿದ್ದರೆ ಶೇ 1, ಮೀರಿದರೆ ಶೇ 5. ಪೂರ್ಣತಾ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳ ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ, ರೇರಾ ಜಾಲತಾಣದಲ್ಲಿ ಮುಕ್ತಾಯದ ತಾರೀಖು ನೋಡಿ. ಬಿಲ್ಡರ್ ಬಾಯಲ್ಲಿ ಹೇಳುವ ತಿಂಗಳಿಗಿಂತ ಅದು ನಂಬಬಹುದಾದದ್ದು, ಅದಕ್ಕೂ ಆರು ತಿಂಗಳು ಕೂಡಿಸಿ.

ಕಷ್ಟವಿರುವುದು ಎರಡು ಖರ್ಚಿನಲ್ಲಿ. 36 ಲಕ್ಷದ ಸಾಲದಲ್ಲಿ 18 ಲಕ್ಷ ಬಿಡುಗಡೆಯಾಗಿದ್ದರೆ, ಬಡ್ಡಿ ಶೇ 8.5 ಎಂದುಕೊಂಡರೆ, ತಿಂಗಳಿಗೆ 12,750 ಬರೀ ಬಡ್ಡಿ. ಬಾಡಿಗೆ 12,000 ಸೇರಿ 24,750. ಮನೆ ಕೈಗೆ ಬಂದು 20 ವರ್ಷದ ಪೂರ್ಣ ಕಂತು ಶುರುವಾದಾಗ ಅದು 31,200ರ ಆಸುಪಾಸು. ಈ ಅವಧಿಯುದ್ದಕ್ಕೂ ಶಾಲೆಯ ಶುಲ್ಕ ಕಟ್ಟಲು ಸಾಧ್ಯವೇ ಎಂದು ಮೊದಲೇ ಕೂಡಿ ಕಳೆಯಿರಿ. ಈ ದಾರಿಯಲ್ಲಿ ಶಾಲೆಯನ್ನು ಮನೆ ಮುಗಿದ ಮೇಲೆ ಬದಲಿಸುವ ಆಸೆ ಬಿಟ್ಟು, ಫ್ಲ್ಯಾಟಿರುವ ಭಾಗದ ಶಾಲೆಗೆ ಈಗಲೇ ಸೇರಿಸಿ, ಆ ಭಾಗದಲ್ಲೇ ಬಾಡಿಗೆಗೆ ಇರುವುದು ಉತ್ತಮ. ಆಗ ಕೀಲಿ ಯಾವ ತಿಂಗಳು ಸಿಕ್ಕರೂ ಮಗುವಿಗೆ ತೊಂದರೆಯಿಲ್ಲ. ಸ್ವತಃ ಕಟ್ಟಿಸುವವರಿಗೂ ಇದೇ ಮಾತು. ಎರೆನೆಲದಲ್ಲಿ ಅಡಿಪಾಯದ ಖರ್ಚು ಎಂಜಿನಿಯರ್ ಮೊದಲು ಹೇಳಿದ್ದಕ್ಕಿಂತ ಏರುವುದು ಸಾಮಾನ್ಯ.

ಟಿ.ಸಿ. ತೆಗೆದುಕೊಳ್ಳುವ ಮುನ್ನ

ನಾಲ್ಕೂ ದಾರಿಗಳಲ್ಲಿ ಎಡವುವುದು ಇಲ್ಲಿಯೇ. ಹೊಸ ಶಾಲೆಯ ಪ್ರವೇಶ ಬರಹದಲ್ಲಿ ಖಚಿತವಾಗುವವರೆಗೆ ಹಳೆಯ ಶಾಲೆಯಲ್ಲಿ ಅರ್ಜಿ ಕೊಡಬೇಡಿ. ಕೊಡುವ ಮುನ್ನ ಮಗುವಿನ ಹೆಸರು, ತಂದೆ-ತಾಯಿಯ ಹೆಸರು, ಜನ್ಮದಿನಾಂಕ, ಜಾತಿ ಕಾಲಂ ಇವೆಲ್ಲ ಶಾಲೆಯ ದಾಖಲಾತಿ ಪುಸ್ತಕ, ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಆಧಾರ್, ಜನನ ಪ್ರಮಾಣಪತ್ರ ನಾಲ್ಕರಲ್ಲೂ ಒಂದೇ ರೀತಿ ಇವೆಯೇ ನೋಡಿ. ಒಂದಕ್ಷರದ ವ್ಯತ್ಯಾಸವಿದ್ದರೂ ಮಗು ಅದೇ ಶಾಲೆಯಲ್ಲಿರುವಾಗಲೇ ತಿದ್ದಿಸಿ. ಬಿಟ್ಟು ಬಂದ ಮೇಲೆ ತಿದ್ದಿಸುವುದೆಂದರೆ ಹಳೆಯ ಶಾಲೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಎಂದು ರಜೆ ಹಾಕಿ ಓಡಾಟ.

ಕೈಗೆ ಕಾಗದ ಬಂದರೆ ಕೆಲಸ ಮುಗಿಯಲಿಲ್ಲ. ಹಳೆಯ ಶಾಲೆ ಸ್ಯಾಟ್ಸ್‌ನಲ್ಲಿ ಮಗುವನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆ ತನ್ನ ಪಟ್ಟಿಗೆ ಸೇರಿಸಿಕೊಳ್ಳಲಾಗದು, ವಿದ್ಯಾರ್ಥಿವೇತನದ ಅರ್ಜಿಯೂ ಸ್ಯಾಟ್ಸ್ ಸಂಖ್ಯೆಯ ಮೇಲೆಯೇ ನಿಂತಿದೆ. ಮುಖ್ಯೋಪಾಧ್ಯಾಯರ ಮುಂದೆಯೇ ಬಿಡುಗಡೆ ಆಗಿದೆಯೆಂದು ಖಚಿತಪಡಿಸಿಕೊಂಡು ಬನ್ನಿ. ಹೊರರಾಜ್ಯದಿಂದ ಬರುವವರು ಟಿ.ಸಿ.ಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕೇ ಎಂದು ಹೊಸ ಶಾಲೆಯನ್ನು ಮೊದಲೇ ಕೇಳಿಕೊಳ್ಳಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ 8ನೇ ತರಗತಿವರೆಗಿನ ಮಕ್ಕಳ ಪರವಾಗಿದೆ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಹಕ್ಕು ಮಗುವಿಗಿದೆ, ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ಕೂಡಲೇ ಕೊಡಬೇಕು, ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಅನುದಾನರಹಿತ ಖಾಸಗಿ ಶಾಲೆಗೆ ವರ್ಗವಾಗುವುದು ಈ ಹಕ್ಕಿನೊಳಗೆ ಬರುವುದಿಲ್ಲ. ಆರ್‌ಟಿಇ ಸೀಟಿನಲ್ಲಿ ಉಚಿತವಾಗಿ ಓದುತ್ತಿರುವ ಮಗುವನ್ನು ಹೊಸ ಮನೆಯ ಹತ್ತಿರದ ಖಾಸಗಿ ಶಾಲೆಗೆ ಹಾಕಿದರೆ ಆ ಉಚಿತ ಸೀಟು ಜೊತೆಗೆ ಬರುತ್ತದೆಂದು ಎಣಿಸಬೇಡಿ. ಅಂಥವರಿಗೆ ಹಳೆಯ ಶಾಲೆ ಉಳಿಸಿಕೊಳ್ಳುವ ಮೂರನೇ ದಾರಿಯೇ ಸರಿ, ಇಲ್ಲವೇ ಒಳ್ಳೆಯ ಸರ್ಕಾರಿ ಅಥವಾ ಅನುದಾನಿತ ಶಾಲೆಯ ಹತ್ತಿರವೇ ಮನೆ ಹುಡುಕಬೇಕು.

ನಿಮ್ಮ ಮನೆಗೆ ಯಾವುದು

ಮಗು 4ನೇ ತರಗತಿಯೊಳಗಿದ್ದು ಕೈಯಲ್ಲಿ ನಗದು ಸಾಕಷ್ಟಿದ್ದರೆ ಸಿದ್ಧ ಮನೆ. ಜೂನ್ ತಪ್ಪಿದರೂ ದಸರಾ ಇದೆ. ಮಗು 7 ಮುಗಿಸುತ್ತಿದ್ದರೆ 8ಕ್ಕೆ ಹೈಸ್ಕೂಲು ಆರಿಸಿ ಬಾಡಿಗೆ ಹಿಡಿಯುವುದು, ಮುಂದಿನ ಮೂರು ವರ್ಷ ಅಲ್ಲಿಂದ ಕದಲದಂತೆ ಮನೆ ಹುಡುಕುವುದು. ಇಬ್ಬರು ಮಕ್ಕಳಿದ್ದರೆ ದೊಡ್ಡವರ ತರಗತಿಯೇ ತೀರ್ಮಾನಿಸಲಿ. ನಗದು ಬಿಗಿಯಿದ್ದು ಸಂಬಳ ಸ್ಥಿರವಾಗಿದ್ದರೆ ರೇರಾದ ಫ್ಲ್ಯಾಟ್, ಆದರೆ ಅದೇ ಭಾಗದಲ್ಲಿ ಬಾಡಿಗೆ.

ಗೃಹಪ್ರವೇಶದ ಮುಹೂರ್ತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಷಾಢದಲ್ಲಿ ನಮ್ಮ ಕಡೆ ಹೊಸ ಮನೆ ಹೊಕ್ಕುವುದಿಲ್ಲ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠವೂ ಇದೆ. ಹಿರಿಯರು ಶ್ರಾವಣದವರೆಗೆ ಬೇಡವೆಂದರೆ ಅವರ ಮಾತು ಉಳಿಸಿ, ಆದರೆ ಮಗುವನ್ನು ಶಾಲೆ ಆರಂಭವಾದ ದಿನವೇ ಹೊಸ ಶಾಲೆಗೆ ಕಳಿಸಿ. ಆ ಎರಡು ಮೂರು ತಿಂಗಳು ಹಳೆಯ ಮನೆಯಿಂದಲೇ ಆಟೋ ಅಥವಾ ಬಸ್ಸಿನಲ್ಲಿ ಹೋಗಿ ಬರಲಿ. ಸಂಚಕಾರ ಪತ್ರದಲ್ಲಿ ಮಾರುವವರು ಮನೆ ಖಾಲಿ ಮಾಡುವ ತಾರೀಖನ್ನು ಸ್ಪಷ್ಟವಾಗಿ ಬರೆಸಿ, ಅದು ತಪ್ಪಿದರೆ ಪ್ರತಿ ತಿಂಗಳಿಗೂ ನಿಮ್ಮ ಬಾಡಿಗೆ ಮತ್ತು ಮಗುವಿನ ವಾಹನದ ಖರ್ಚಿನಷ್ಟನ್ನು ಕೊನೆಯ ಹಣದಲ್ಲಿ ಮುರಿದುಕೊಳ್ಳುವುದಾಗಿ ಒಂದು ಸಾಲು ಸೇರಿಸಿ. ಈ ಸಾಲಿಗೆ ಒಪ್ಪದವರು ತಾರೀಖನ್ನು ಉಳಿಸುವವರಲ್ಲ ಎಂದು ಅಲ್ಲಿಯೇ ತಿಳಿದುಬಿಡುತ್ತದೆ.